ಹೊಳೆ ದಂಡೆಯ ಒಂದು ದಿನ: ಮಕ್ಕಳ ಮೇಲೆ ಯಾರ ಕಣ್ಣು?



ರಜೆ ಬಂತೆಂದರೆ ಮಕ್ಕಳದು ಒಂದೇ ಹಠ: "ಎಲ್ಲಿಗಾದರೂ ಹೋಗೋಣ." ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ನಮಗೆ ಕಡಲು ದೂರ. ಮಲ್ಪೆಗೋ ಮುರ್ಡೇಶ್ವರಕ್ಕೋ ಹೋಗಬೇಕೆಂದರೆ ಇಡೀ ರಾತ್ರಿಯ ಪ್ರಯಾಣ, ಕೈ ಮೀರಿದ ಖರ್ಚು. ಹಾಗಾಗಿ ನಮ್ಮ ಪಾಲಿನ ಸಮುದ್ರ ತೀರವೆಂದರೆ ಕನಕಪುರದಿಂದ ಸುಮಾರು 35 ಕಿ.ಮೀ. ದೂರದ ಸಂಗಮ. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ಊರುಗಳ ಮಗ್ಗುಲಲ್ಲೇ ಹರಿದು ಬರುವ ಅರ್ಕಾವತಿ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ನಾಲ್ಕೈದು ಕಿ.ಮೀ. ಮುಂದೆ ಹೋದರೆ, ಅಷ್ಟಗಲದ ಕಾವೇರಿ ಕಿರಿದಾದ ಬಂಡೆಗಳ ನಡುವೆ ನುಗ್ಗುವ ಮೇಕೆದಾಟು.

ಕೆಲವು ವರ್ಷಗಳ ಹಿಂದೆ ಡಿಸೆಂಬರ್‌ನ ಒಂದು ಭಾನುವಾರ ನಾವು ಹದಿನಾಲ್ಕು ಮಂದಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಅಲ್ಲಿಗೆ ಹೊರಟೆವು. ಪ್ರವಾಸ ಎಲ್ಲರದು, ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಈರುಳ್ಳಿ ಹೆಚ್ಚಿದವರು ನನ್ನ ಭಾಬಿ. ಬಿರಿಯಾನಿಯ ದೇಗ್ಚಿ, ತಟ್ಟೆ, ಲೋಟ, ಚಾಪೆ ಹೀಗೆ ಅಡುಗೆಮನೆಯೇ ಗಾಡಿ ಹತ್ತಿತು.

ಝುಹರ್ ನಮಾಝ್ ಮತ್ತು ಊಟ ಮುಗಿಯಿತು. ಗಂಡಸರು ಮರದ ನೆರಳಿನಲ್ಲಿ ಕಾಲು ಚಾಚಿದರು. ನಾವು ಹೆಂಗಸರು ಎಂಜಲು ಪಾತ್ರೆ ಹೊತ್ತು ನೀರಿನ ಬಳಿ ಕುಳಿತೆವು. ಮಕ್ಕಳು ಎದುರಿಗೇ ಆಡುತ್ತಿದ್ದರು. ಗಂಡಸರು ಇದ್ದಾರಲ್ಲ ಎಂದು ನಾವು, ಹೆಂಗಸರು ಪಕ್ಕದಲ್ಲೇ ಇದ್ದಾರಲ್ಲ ಎಂದು ಅವರು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ನನ್ನ ತಂಗಿಯ ಒಂಬತ್ತು ವರ್ಷದ ಮಗ ಒಂದು ಹೆಜ್ಜೆ ಮುಂದಿಟ್ಟ, ಅಷ್ಟೆ. ಕೂಗಲಿಲ್ಲ, ಕೈ ಬೀಸಲಿಲ್ಲ. ಸದ್ದೇ ಇಲ್ಲದೆ ಮುಳುಗಿದ. ಹತ್ತಿರದಲ್ಲಿದ್ದ ಹರಿಗೋಲಿನ ಹಿರಿಯರೊಬ್ಬರು ನೋಡಿದರು. ಹುಟ್ಟು ಚಾಚಿ, ಅಂಗಿ ಹಿಡಿದು ಮೇಲೆಳೆದರು. ಮಗು ಕೆಮ್ಮಿ ಅತ್ತಾಗಲೇ ನಮಗೂ ಉಸಿರು ಬಂದದ್ದು. ಅಲ್ಲಾಹನಿಗೆ ಸ್ತುತಿ.

ಅವನನ್ನು ದಡಕ್ಕೆ ಬಿಟ್ಟು ಆ ಹಿರಿಯರು ಕೇಳಿದರು: "ಏನಮ್ಮಾ, ಪಾತ್ರೆ ಮನೇಲೂ ತಿಕ್ಕಬೋದಲ್ವಾ? ಇಲ್ಲಿ ಮಕ್ಕಳ್ನ ಯಾರ್ ನೋಡ್ತಾವ್ರೆ?"

ಆ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ವರದಿಯಲ್ಲಿ ಅಂದಾಜಿಸಿದೆ. ಅದೇ 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ಕಡಲಿನ ಪಾಲಾದರು. ಕಡಲಿರಲಿ, ಹೊಳೆಯಿರಲಿ, ನೀರಿನ ಗುಣ ಒಂದೇ.

ಸಂಗಮದ ನೀರು ಮೇಲ್ನೋಟಕ್ಕೆ ಶಾಂತ. ಆದರೆ ಸುಳಿಯಲ್ಲಿ ಸಿಕ್ಕ ಕಲ್ಲುಗಳು ಸಾವಿರಾರು ವರ್ಷ ತಿರುಗಿ ಬಂಡೆಯಲ್ಲಿ ಬಾವಿಯಂತಹ ಗುಂಡಿಗಳನ್ನು ಕೊರೆದಿವೆ. ಪಾಚಿ ಹಿಡಿದ ಕಲ್ಲು ಸೋಪಿನಂತೆ ಜಾರುತ್ತದೆ. ಇಲ್ಲಿ ಬಿಸಿಲಿದ್ದರೂ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆಯಾಗಿ ಕೆ.ಆರ್.ಎಸ್. ಮತ್ತು ಕಬಿನಿಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಮಳೆಗಾಲದಲ್ಲಂತೂ ನೀರಿಗಿಳಿಯುವ ಯೋಚನೆಯೇ ಬೇಡ. ಮಾಗಡಿ ಕಡೆಯ ಮಂಚನಬೆಲೆ, ಚನ್ನಪಟ್ಟಣದ ಕಣ್ವ ಜಲಾಶಯಗಳಲ್ಲೂ ಇದೇ ಎಚ್ಚರ ಇರಲಿ.

ಇನ್ನೊಂದು ಮಾತು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ, ಅರ್ಕಾವತಿಯನ್ನೇ ಸೇರುತ್ತದೆ. ಆದ್ದರಿಂದ ಕುಡಿಯಲು, ವುಝೂ ಮಾಡಲು ಮನೆಯಿಂದಲೇ ನೀರು ಒಯ್ಯಿರಿ.

ಅಂದು ನಮ್ಮ ಹುಡುಗರು ಟೆಂಟ್ ಹಾಕಿ ರಾತ್ರಿ ಅಲ್ಲೇ ಇರೋಣವೆಂದು ಹಠ ಹಿಡಿದಿದ್ದರು. ಅದು ಕಾವೇರಿ ವನ್ಯಜೀವಿ ಧಾಮ. 1987ರಿಂದ ರಕ್ಷಿತ ಅರಣ್ಯ. ಆನೆಗಳು ನೀರಿಗೆ ಬರುವ ಜಾಗ. ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಹೊಳೆ ದಂಡೆಯಲ್ಲಿ ರಾತ್ರಿ ಕಳೆಯುವ ಆಸೆಯಿದ್ದರೆ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಗಾಳಿಬೋರೆ ಶಿಬಿರ ಇದೆ, ಮೊದಲೇ ಕಾದಿರಿಸಬೇಕು. ಇಲ್ಲವಾದರೆ ಬೆಳಕಿರುವಾಗಲೇ ಮನೆಯ ದಾರಿ ಹಿಡಿಯಿರಿ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮನೆಮಂದಿ ಸಾಲಾಗಿ ಹೋದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ದಡದಲ್ಲೇ ಕೂತು ದುಪ್ಪಟ್ಟಾ, ಸೀರೆ, ಕೋಲು ಚಾಚಿ. ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆದರೂ ಅದು ತೇಲಿಸುತ್ತದೆ. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ತಪ್ಪು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆಯ ನಡುವೆ ಜೋರಾಗಿ ಒತ್ತುತ್ತಿರಬೇಕು: 30 ಸಲ ಒತ್ತಿ 2 ಸಲ ಉಸಿರು. ಜೊತೆಯವರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಲಿ. ನೀರು ಕುಡಿದ ಮಗು ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು.

ಆದರೆ ಇವೆಲ್ಲಕ್ಕಿಂತ ಮೊದಲು ಆಗಬೇಕಾದ್ದು ಮನೆಯಲ್ಲೇ ಆಗಬೇಕು. ಪ್ರವಾಸದ ದಿನವೂ ಅಡುಗೆ, ಬಡಿಸುವುದು, ತೊಳೆಯುವುದು, ಮಕ್ಕಳನ್ನು ಕಾಯುವುದು ಎಲ್ಲವೂ ಹೆಂಗಸರ ತಲೆಗೇ ಬಂದರೆ ಯಾವುದಾದರೊಂದು ಕೈತಪ್ಪುತ್ತದೆ. ಅಂದು ಕೈತಪ್ಪಿದ್ದು ಮಗುವೇ.

ಕಳೆದ ವರ್ಷ ಮತ್ತೆ ಹೋದೆವು. ಈ ಸಲ ಬಿರಿಯಾನಿ ಇಲ್ಲ. ಚಪಾತಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ತಟ್ಟೆಯ ಬದಲು ಮುತ್ತುಗದ ಎಲೆ. ತೊಳೆಯಲು ಪಾತ್ರೆಯೇ ಇಲ್ಲ. ಮಕ್ಕಳನ್ನು ಕಾಯುವ ಪಾಳಿ ಮನೆಯಲ್ಲೇ ಬರೆದಿಟ್ಟಿದ್ದೆವು, ಒಬ್ಬೊಬ್ಬರಿಗೆ ಅರ್ಧ ಗಂಟೆ. ಪಾಳಿಯವರ ಕೈಯಲ್ಲಿ ಫೋನ್ ಇರಕೂಡದು. ಮೊದಲ ಪಾಳಿ ಭಾಯಿಜಾನ್‌ದು. ಗೊಣಗದೆ ದಡದಲ್ಲಿ ನಿಂತರು.

ಭಾಬಿ ಬಂಡೆಯೊಂದರ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಹೊರಡುವಾಗ ಹೇಳಿದರು: "ಸಂಗಮಕ್ಕೆ ನಾಲ್ಕು ಸಲ ಬಂದಿದ್ದೇನೆ. ಹೊಳೆ ನೋಡಿದ್ದು ಇವತ್ತೇ."

ಈ ರಜೆಗೆ ನೀವೂ ಹೊರಡಿ ಸಹೋದರಿಯರೇ. ಆದರೆ ಊಟಕ್ಕೆ ಏನು ಎಂದು ಯೋಚಿಸುವ ಮೊದಲು, ಮಕ್ಕಳ ಮೇಲೆ ಯಾರ ಕಣ್ಣು ಎಂಬುದನ್ನು ಮನೆಮಂದಿಯೆಲ್ಲ ಕೂತು ತೀರ್ಮಾನಿಸಿ.