ತೋಟದ ಕಾವಲು, ಕೋವಿ ಮತ್ತು ಆತ್ಮರಕ್ಷಣೆಯ ಹಕ್ಕು



ಕೊಯ್ಲಿನ ಕಾಲ ಬಂತೆಂದರೆ ಕಾವಲಿನ ಚಿಂತೆಯೂ ಬರುತ್ತದೆ. ಕಳ್ಳನ ಮೇಲೆ ಗುಂಡು ಹಾರಿಸಬಹುದೇ, ಕೋವಿಗೆ ಲೈಸೆನ್ಸು ಇಲ್ಲದಿದ್ದರೆ ಆತ್ಮರಕ್ಷಣೆಯ ವಾದ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂದು ಸದಸ್ಯರು ಕೇಳುವುದುಂಟು. ಕೋವಿಯ ಪ್ರಶ್ನೆ ಬೇರೆ, ಜೀವದ ಪ್ರಶ್ನೆ ಬೇರೆ ಎಂಬುದನ್ನು ಮೊದಲು ತಿಳಿಯಬೇಕು.

ಆಯುಧದ ಕಾನೂನು ನಮ್ಮ ಸೀಮೆಗೆ ಹೊಸದಲ್ಲ. 1857ರಲ್ಲಿ ಆಯುಧ ಒಪ್ಪಿಸಿರೆಂದ ಕಂಪನಿ ಸರ್ಕಾರದ ವಿರುದ್ಧ ಹಲಗಲಿಯ ಬೇಡರು ತಿರುಗಿಬಿದ್ದರು. ಮರುವರ್ಷ ಮುಂಡರಗಿ ಭೀಮರಾಯರು ದಂಗೆ ಎದ್ದರು. ಇಂದು ಜಾರಿಯಲ್ಲಿರುವುದು ನಮ್ಮದೇ ಸಂಸತ್ತಿನ 1959ರ ಆಯುಧ ಕಾಯ್ದೆ. ಅದರ ಪ್ರಕಾರ ಪರವಾನಗಿ ಇಲ್ಲದ ಬಂದೂಕು ಮನೆಯಲ್ಲಿರುವುದೇ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ 2ರಿಂದ 5 ವರ್ಷಗಳ ಸಜೆ ಮತ್ತು ದಂಡವಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ವಿನಾಯಿತಿ ಉಂಟು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಲೈಸೆನ್ಸಿಗೆ ಮಾತ್ರ, ಕೊಲೆಯ ಕಾನೂನಿಗಲ್ಲ.

ಇನ್ನು ಆತ್ಮರಕ್ಷಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಈ ಹಕ್ಕಿದೆ. ಸಾವು ಅಥವಾ ತೀವ್ರ ಗಾಯ ಆದೀತೆಂಬ ನ್ಯಾಯವಾದ ಭಯ ಹುಟ್ಟಿಸುವ ಹಲ್ಲೆಯನ್ನು ಎದುರಿಸುವಾಗ ಎದುರಾಳಿ ಸತ್ತರೂ ಅದು ಅಪರಾಧವಲ್ಲ. ಜಮೀನಿನ ಜಗಳದಲ್ಲಿ ತಂದೆಗೆ ಏಟು ಬಿದ್ದಾಗ ಗುಂಡು ಹಾರಿಸಿದವನನ್ನು ಸುಪ್ರೀಂ ಕೋರ್ಟು 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಬಿಡುಗಡೆ ಮಾಡಿತು. ಪ್ರಾಣಭಯದಲ್ಲಿರುವವನು ಗುಂಜಿ ತೂಗಿದಂತೆ ಅಳೆದು ಹೊಡೆಯಬೇಕೆಂದು ಕಾನೂನು ಕೇಳುವುದಿಲ್ಲ.

ಆಸ್ತಿಯ ವಿಷಯದಲ್ಲಿ ಹಕ್ಕು ಇಷ್ಟು ದೊಡ್ಡದಲ್ಲ. ದರೋಡೆ, ರಾತ್ರಿ ಕನ್ನ, ಮನೆಗೆ ಬೆಂಕಿ ಇಂಥವುಗಳಲ್ಲಿ ಮಾತ್ರ, ಅಥವಾ ಕಳ್ಳತನದ ಜೊತೆಗೆ ಪ್ರಾಣಭಯವೂ ಇದ್ದಾಗ, ಅದು ಪ್ರಾಣ ತೆಗೆಯುವವರೆಗೆ ಹೋಗುತ್ತದೆ. ಬಯಲು ಜಮೀನಿಗೆ ಅತಿಕ್ರಮವಾಗಿ ನುಗ್ಗಿದ ಮಾತ್ರಕ್ಕೆ ಕೊಲ್ಲುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2002ರ ಜಸ್ಸಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅಡಿಕೆ ಗೊನೆ ಬಿಟ್ಟು ಓಡುವ ಕಳ್ಳನ ಬೆನ್ನಿಗೆ ಗುಂಡಿಟ್ಟರೆ ಲೈಸೆನ್ಸು ಕಾಪಾಡದು. ಪೊಲೀಸರನ್ನು ಕರೆಯಲು ಸಮಯವಿದ್ದರೂ ಹಕ್ಕು ಇಲ್ಲ. ಸದ್ಭಾವನೆಯಿಂದಲೇ ಮಿತಿ ಮೀರಿದ್ದರೆ ಅದು ಕೊಲೆಯಾಗದು. ಆದರೂ ಕೊಲೆಯಲ್ಲದ ನರಹತ್ಯೆಗೆ ಶಿಕ್ಷೆ ತಪ್ಪದು.

ಹಾಗಾದರೆ ಲೈಸೆನ್ಸಿಲ್ಲದ ಕೋವಿಯಿಂದ ಪ್ರಾಣ ಉಳಿಸಿಕೊಂಡವನ ಗತಿ? ಕೋವಿ ಕಳ್ಳಕೋವಿ ಎಂಬ ಒಂದೇ ಕಾರಣಕ್ಕೆ ಆತ್ಮರಕ್ಷಣೆಯ ಹಕ್ಕು ಹೋಗುವುದಿಲ್ಲ. ಕೊಲೆಯ ಆಪಾದನೆಯಿಂದ ಬಿಡುಗಡೆಯಾಗಿಯೂ ಆಯುಧ ಕಾಯ್ದೆಯಲ್ಲಿ ಸಜೆ ಆಗಬಹುದು. ಹೆಚ್ಚಿನ ಕೇಡು ಮುಂದಿದೆ. ಕೋವಿಯ ಭಯದಿಂದ ಅದನ್ನು ಬಾವಿಗೆ ಎಸೆದು, ‘ನಾನು ಅಲ್ಲಿರಲೇ ಇಲ್ಲ’ ಎಂದವನು ಮುಂದೆ ‘ಪ್ರಾಣ ಉಳಿಸಿಕೊಳ್ಳಲು ಹೊಡೆದೆ’ ಎಂದರೆ ನಂಬುವವರು ಯಾರು? ಆತ್ಮರಕ್ಷಣೆಯನ್ನು ತೋರಿಸುವ ಹೊಣೆ ಆರೋಪಿಯದು. ಸಂಶಯಾತೀತವಾಗಿ ಸಾಧಿಸಬೇಕಿಲ್ಲ, ಸಂಭವನೀಯವೆಂದು ತೋರಿಸಿದರೆ ಸಾಕು. ಸುಳ್ಳು ಅದನ್ನೂ ಕೆಡಿಸುತ್ತದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಬೆಳೆ ರಕ್ಷಣೆಗೆ ಕೋವಿ ಬೇಕಾದವರು ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಹಾಕಿರಿ. ಮದ್ದು ತುಂಬುವ ಕೋವಿಗೆ ಕಾಯ್ದೆಯಲ್ಲೇ ಅವಕಾಶವಿದೆ. ಲೈಸೆನ್ಸಿನ ಅವಧಿ ಮುಗಿದಿದ್ದರೆ, ಅಥವಾ ಲೈಸೆನ್ಸುದಾರರಾದ ಹಿರಿಯರು ತೀರಿಕೊಂಡಿದ್ದರೆ, ಕೋವಿಯನ್ನು ತಡಮಾಡದೆ ಠಾಣೆಯಲ್ಲಿ ಜಮಾ ಮಾಡಿ ರಸೀದಿ ಪಡೆಯಿರಿ. ರಾತ್ರಿ ತೋಟದಲ್ಲಿ ಸದ್ದಾದರೆ ದೀಪ ಹಾಕಿ, ನೆರೆಯವರನ್ನು ಕೂಗಿ, 112ಕ್ಕೆ ಫೋನು ಮಾಡಿರಿ. ಅಡಿಕೆ ಹೋದರೆ ಒಂದು ವರ್ಷದ ನಷ್ಟ. ಕೊಲೆಯ ಮೊಕದ್ದಮೆ ಬಂದರೆ ತೋಟವನ್ನೇ ಮಾರಬೇಕಾದೀತು.