ಮನೆ ಹಾಗೂ ವಾಣಿಜ್ಯ ಕಟ್ಟಡಗಳ ಇಂಗಾಲ ಹೊರಸೂಸುವಿಕೆ: ದೇಶಗಳ ಹೋಲಿಕೆಯನ್ನು ಅರ್ಥೈಸುವ ಕ್ರಮ



ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಗೆ ಕಾರ್ಖಾನೆ, ವಾಹನಗಳಷ್ಟೇ ಅಲ್ಲದೆ ಮನೆ, ಅಂಗಡಿ, ಆಸ್ಪತ್ರೆ, ಕಚೇರಿಗಳೂ ಕಾರಣವಾಗಿವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ, 2022ರಲ್ಲಿ ಜಗತ್ತಿನ ಇಂಧನ ಸಂಬಂಧಿತ ಹೊರಸೂಸುವಿಕೆಯಲ್ಲಿ ಶೇ. 26ರಷ್ಟು ಕಟ್ಟಡಗಳ ಬಳಕೆಯಿಂದ ಉಂಟಾಗಿದೆ. ಇದರಲ್ಲಿ ಶೇ. 8ರಷ್ಟು ನೇರವಾದುದು, ಅಂದರೆ ಕಟ್ಟಡದಲ್ಲಿಯೇ ಅನಿಲ, ಎಣ್ಣೆ, ಕಲ್ಲಿದ್ದಲು ಉರಿಸಿದ್ದರಿಂದ ಬಂದದ್ದು. ಉಳಿದ ಶೇ. 18ರಷ್ಟು ಪರೋಕ್ಷವಾದುದು, ಅಂದರೆ ಕಟ್ಟಡಕ್ಕೆ ಬೇಕಾದ ವಿದ್ಯುತ್ತು ಹಾಗೂ ಶಾಖವನ್ನು ಬೇರೆಡೆ ಉತ್ಪಾದಿಸುವಾಗ ಬಂದದ್ದು.

ಈ ಎರಡು ಭಾಗಗಳನ್ನು ಬೇರ್ಪಡಿಸದೆ ದೇಶಗಳನ್ನು ಹೋಲಿಸಿದರೆ ತಪ್ಪು ನಿರ್ಣಯಕ್ಕೆ ಬರುವ ಸಂಭವವಿದೆ. ಬ್ರಿಟನ್ನಿನ ಬಹುತೇಕ ಮನೆಗಳು ಚಳಿಗಾಲದಲ್ಲಿ ಅನಿಲದ ಬಾಯ್ಲರುಗಳಿಂದ ಬೆಚ್ಚಗಾಗುವುದರಿಂದ ಅಲ್ಲಿ ನೇರ ಹೊರಸೂಸುವಿಕೆ ಅಧಿಕ. ನಾರ್ವೆಯ ಚಳಿ ಇನ್ನೂ ತೀವ್ರವಾದುದು. ಆದರೂ ಅಲ್ಲಿನ ಮನೆಗಳು ಮುಖ್ಯವಾಗಿ ಜಲವಿದ್ಯುತ್ತಿನಿಂದ ಬೆಚ್ಚಗಾಗುತ್ತವೆ. 2020ರಿಂದ ಕಟ್ಟಡಗಳ ಶಾಖಕ್ಕೆ ಖನಿಜ ತೈಲ ಬಳಸುವುದನ್ನು ಅಲ್ಲಿ ನಿಷೇಧಿಸಲಾಗಿದೆ. ಭಾರತದಲ್ಲಿ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದರಿಂದ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಪರಮಾಣು ವಿದ್ಯುತ್ತನ್ನು ಹೆಚ್ಚಾಗಿ ಅವಲಂಬಿಸಿರುವ ಫ್ರಾನ್ಸಿನಲ್ಲಿ ಇದು ನಮ್ಮ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಮತ್ತೊಂದು ಅಂಶವನ್ನೂ ಗಮನಿಸತಕ್ಕದ್ದು. ಸೌದೆ ಉರಿಸಿದಾಗ ಬರುವ ಇಂಗಾಲದ ಡೈಆಕ್ಸೈಡನ್ನು ಅಂತರರಾಷ್ಟ್ರೀಯ ನಿಯಮದಂತೆ ಇಂಧನ ವಲಯದ ಮೊತ್ತಕ್ಕೆ ಸೇರಿಸುವುದಿಲ್ಲ. ಕಾಡು ನಾಶವಾದರೆ ಅದು ಭೂಬಳಕೆಯ ಲೆಕ್ಕದಲ್ಲಿ ಕಾಣುತ್ತದೆ. ಆದ್ದರಿಂದ ಸೌದೆ ಒಲೆಯ ಮನೆಯ ಅಂಕಿ ಚಿಕ್ಕದಾಗಿ ತೋರಿದರೂ ಅದರ ಹೊಗೆಯಿಂದ ಮಹಿಳೆಯರ ಹಾಗೂ ಮಕ್ಕಳ ಶ್ವಾಸಕೋಶಕ್ಕೆ ಆಗುವ ಹಾನಿ ದೊಡ್ಡದು. ಇಂತಹ ಮನೆ ಅಡುಗೆ ಅನಿಲಕ್ಕೆ ಬದಲಾದಾಗ ಅಂಕಿ ಏರುವುದು ಲೋಪವಲ್ಲ, ಸುಧಾರಣೆ.

ದೇಶದ ಒಟ್ಟು ಮೊತ್ತವೊಂದೇ ಅಳತೆಗೋಲಾಗಲಾರದು. ಮನೆಗಳಿಗೆ ತಲಾವಾರು ಲೆಕ್ಕ, ವಾಣಿಜ್ಯ ಕಟ್ಟಡಗಳಿಗೆ ಚದರ ಮೀಟರ್‌ವಾರು ಲೆಕ್ಕ ಹೆಚ್ಚು ನ್ಯಾಯಯುತ. ಹತ್ತಾರು ಹವಾನಿಯಂತ್ರಕಗಳಿರುವ ವಾಣಿಜ್ಯ ಸಂಕೀರ್ಣವನ್ನೂ ಎರಡು ದೀಪ, ಒಂದು ಫ್ಯಾನ್ ಇರುವ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪಂಚಾಯಿತಿಗೆ ಈ ವಿಷಯ ದೂರದ್ದಲ್ಲ. ಇಂದು ಕಟ್ಟುವ ಕಚೇರಿ, ಅಂಗನವಾಡಿ, ಸಮುದಾಯ ಭವನಗಳು ದಶಕಗಳ ಕಾಲ ಬಳಕೆಯಲ್ಲಿರುತ್ತವೆ. ಅವುಗಳ ವಿದ್ಯುತ್ ಬಿಲ್ಲನ್ನೂ ಅಷ್ಟೇ ಕಾಲ ಪಂಚಾಯಿತಿಯ ನಿಧಿಯೇ ಭರಿಸಬೇಕಾಗುತ್ತದೆ. ಚಾವಣಿಯ ಮೇಲಿನ 1 ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸರಾಸರಿ 4 ಯೂನಿಟ್ ನೀಡಿದರೆ ವರ್ಷಕ್ಕೆ ಸುಮಾರು 1 ಟನ್ ಹೊರಸೂಸುವಿಕೆ ತಪ್ಪುತ್ತದೆ. ಆದ್ದರಿಂದ ಹೊಸ ಕಟ್ಟಡದ ಅಂದಾಜುಪಟ್ಟಿಗೆ ಒಪ್ಪಿಗೆ ನೀಡುವ ಮುನ್ನ ಗಾಳಿ-ಬೆಳಕು, ಚಾವಣಿಯ ತಂಪು, ಸೌರಫಲಕಕ್ಕೆ ಸ್ಥಳ ಈ ಮೂರನ್ನೂ ಸಭೆಯಲ್ಲಿ ಪರಿಶೀಲಿಸುವುದು ಸೂಕ್ತ.