ಹಳೆಯ ಪಿಕಪ್: ಸದ್ದು ಯಾವಾಗ ಬರುತ್ತದೆಂದು ಮೊದಲು ಗಮನಿಸೋಣ

ಕಾಫಿ ಕೊಯ್ಲು ಮತ್ತು ಅಡಿಕೆ ಕೊಯ್ಲು ಒಟ್ಟಿಗೆ ಬರುವ ತಿಂಗಳುಗಳಲ್ಲಿ ಪಿಕಪ್ ಒಂದು ದಿನ ನಿಂತರೂ ನಮಗೆ ನಷ್ಟವೇ. ಪಲ್ಪಿಂಗ್ ಆಗಬೇಕಾದ ಹಣ್ಣು ಕೊಯ್ದ ದಿನವೇ ಯಂತ್ರಕ್ಕೆ ಹೋಗಬೇಕು. ಮೂಟೆಯಲ್ಲಿ ರಾತ್ರಿ ಕಳೆದರೆ ಹುಳಿಯುತ್ತದೆ. ನಮ್ಮಲ್ಲಿ ಬಹುಮಂದಿಯದು ಹಳೆಯ ಡೀಸೆಲ್ ಗಾಡಿ. ಗ್ಯಾರೇಜಿಗೆ ಹೋಗಿ “ಕರಕರ ಸದ್ದು ಬರುತ್ತದೆ” ಎಂದಷ್ಟೇ ಹೇಳಿದರೆ, ಸರಿಯಿದ್ದ ಭಾಗಕ್ಕೂ ಹಣ ತೆತ್ತು ಬರುವ ಸಂಭವವುಂಟು. ಸದ್ದು ಯಾವಾಗ ಹುಟ್ಟುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ನಾವೇ ಗಮನಿಸಿದರೆ ಅರ್ಧ ದುರಸ್ತಿ ಆದಂತೆ.

ಸ್ಟಾರ್ಟ್ ಆಗದಿದ್ದಾಗ

ಹೆಡ್‌ಲೈಟ್ ಹಾಕಿ ಸ್ಟಾರ್ಟರ್ ಒತ್ತಿ ನೋಡಬೇಕು. ದೀಪ ತೀರಾ ಮಂಕಾಗಿ ‘ಟಕಟಕ’ ಎಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ತಂತಿಯ ತುದಿ ಸಡಿಲವಾಗಿದೆ. ಹೊಸ ಬ್ಯಾಟರಿ ಕೊಳ್ಳುವ ಮೊದಲು, ನೆಗೆಟಿವ್ ತಂತಿಯಿಂದ ಆರಂಭಿಸಿ ಎರಡನ್ನೂ ಕಳಚಿ, ಕಿಲುಬು ತೊಳೆದು ಬಿಗಿಯಬೇಕು. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನೂ ನೋಡಬೇಕು. ರಾತ್ರಿಯಿಡೀ ನಿಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ಕ್ಕೆ ಇಳಿದಿದ್ದರೆ ಚಾರ್ಜ್ ಬೇಕು. ಬ್ಯಾಟರಿಯ ಬಳಿ ಬೀಡಿ, ಬೆಂಕಿಕಡ್ಡಿ ಕೂಡದು. ದೀಪ ಮಂಕಾಗದೆ ಒಂದೇ ‘ಟಕ್’ ಕೇಳಿಸಿದರೆ ಸಂಶಯ ಸಾಲಿನಾಯ್ಡ್ ಅಥವಾ ಸ್ಟಾರ್ಟರಿನ ಬ್ರಷ್ ಮೇಲೆ.

ಎಂಜಿನ್ ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಫಿಲ್ಟರಿನಲ್ಲಿ ನೀರು ಅಥವಾ ಡೀಸೆಲ್ ಪೈಪಿನಲ್ಲಿ ಗಾಳಿ ಇದೆಯೇ ನೋಡಬೇಕು. ಹೀಟರ್ ಪ್ಲಗ್ ಇರುವ ಗಾಡಿಯಾದರೆ ಚಳಿಯ ಬೆಳಗ್ಗೆ ಅದನ್ನೂ ಪರೀಕ್ಷಿಸಬೇಕು. ಸ್ಟಾರ್ಟರನ್ನು ಒಂದೇ ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಒತ್ತದೆ, ಅರ್ಧ ನಿಮಿಷ ಬಿಡುವು ಕೊಡಬೇಕು.

ಸ್ಟಾರ್ಟ್ ಮಾಡುವಾಗಲೇ ಕರಕರ

ಇದು ಸ್ಟಾರ್ಟರಿನ ಪಿನಿಯನ್, ಫ್ಲೈವೀಲಿನ ರಿಂಗ್ ಗೇರಿಗೆ ಸರಿಯಾಗಿ ಕೂಡದ ಸದ್ದು. ಮೊದಲು ಸ್ಟಾರ್ಟರಿನ ಬೋಲ್ಟುಗಳನ್ನು ಬಿಗಿ ಮಾಡಿ ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಬಹುಮಟ್ಟಿಗೆ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ; ಹೀಗಾಗಿ ಆ ಎರಡು ಕಡೆಯ ಹಲ್ಲುಗಳೇ ಸವೆಯುತ್ತವೆ. ಪರೀಕ್ಷೆ ಸುಲಭ. ಸಮತಟ್ಟು ಜಾಗದಲ್ಲಿ ಸ್ವಿಚ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಒಂದಿಷ್ಟು ತಳ್ಳಬೇಕು. ಬಳಿಕ ನ್ಯೂಟ್ರಲ್ ಮಾಡಿದಾಗ ಸದ್ದಿಲ್ಲದೆ ಹತ್ತಿದರೆ ದೋಷ ರಿಂಗ್ ಗೇರಿನದು. ಆಗ ಸ್ಟಾರ್ಟರ್ ಮಾತ್ರ ಬದಲಾಯಿಸಿ ಫಲವಿಲ್ಲ. ಸವೆದ ಹಲ್ಲು ಹೊಸ ಪಿನಿಯನ್ನನ್ನೂ ತಿನ್ನುತ್ತದೆ. ಕ್ಲಚ್ ಪ್ಲೇಟಿಗೆಂದು ಗೇರ್‌ಬಾಕ್ಸ್ ಇಳಿಸಿದಾಗಲೇ ರಿಂಗಿನ ಕೆಲಸವನ್ನೂ ಮುಗಿಸಿದರೆ ಕೂಲಿ ಉಳಿಯುತ್ತದೆ.

ಎಂಜಿನ್ ಓಡುತ್ತಿರುವಾಗ

ನ್ಯೂಟ್ರಲಿನಲ್ಲಿ ನಿಲ್ಲಿಸಿ ಕ್ಲಚ್ ಒತ್ತಿ ಬಿಡೋಣ. ಒತ್ತಿದಾಗ ಮಾತ್ರ ಸದ್ದಾದರೆ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನ ಬೇರಿಂಗ್. ಕೂಡಲೇ ಆಯಿಲ್ ಮಟ್ಟ ನೋಡಬೇಕು. ವೇಗದೊಡನೆ ಏರಿ, ತಿರುವಿನಲ್ಲಿ ಬದಲಾಗುವ ಮೊರೆತ ಹೆಚ್ಚಾಗಿ ಚಕ್ರದ ಬೇರಿಂಗಿನದು. ಬ್ರೇಕ್ ಒತ್ತಿದಾಗ ಕಬ್ಬಿಣ ಉಜ್ಜಿದಂತಾದರೆ ಲೈನಿಂಗ್ ಸವೆದು ರಿವೆಟ್ಟು ಡ್ರಮ್ಮಿಗೆ ತಾಗುತ್ತಿದೆ ಎಂದು ತಿಳಿಯಬೇಕು.

ಕ್ಲಚ್ಚಿನ ಸದ್ದಿಗೆ ಗ್ಯಾರೇಜಿನ ಸರದಿ ಕಾಯಬಹುದು. ಬ್ರೇಕಿನ ಮತ್ತು ಚಕ್ರದ ಸದ್ದಿಗೆ ಕಾಯುವಂತಿಲ್ಲ. ಅಂದೇ ಗಾಡಿ ನಿಲ್ಲಿಸಬೇಕು. ನಮ್ಮ ದಾರಿಗಳೆಲ್ಲ ಇಳಿಜಾರು, ತಿರುವು. ಒಂದು ದಿನದ ಹಣ್ಣು ಹುಳಿತರೆ ಮುಂದಿನ ಕೊಯ್ಲಿನಲ್ಲಿ ಸುಧಾರಿಸಿಕೊಳ್ಳಬಹುದು. ಗಾಡಿಯಲ್ಲಿರುವ ಜೀವಕ್ಕೆ ಆ ಮಾತು ಸಲ್ಲದು.

ಗ್ಯಾರೇಜಿಗೆ ಹೊರಡುವಾಗ ಚಾಲಕನ ಕೈಯಲ್ಲಿ ಒಂದು ಚೀಟಿ ಕೊಡೋಣ: ಎಂಜಿನ್ ತಣ್ಣಗಿತ್ತೇ ಬಿಸಿಯಿತ್ತೇ, ಯಾವ ಗೇರು, ಕ್ಲಚ್ ಒತ್ತಿತ್ತೇ, ಬ್ರೇಕ್ ಹಿಡಿದಿತ್ತೇ. ಈ ನಾಲ್ಕು ಮಾತಿದ್ದರೆ ಮೆಕ್ಯಾನಿಕ್ ಎಲ್ಲಿಂದ ಬಿಚ್ಚಬೇಕೆಂದು ಹುಡುಕಾಡಬೇಕಿಲ್ಲ.